ಕೊನೆಗೆ 12 ಜಿಬಿಗೇ ಮನಸ್ಸು ಮಾಡಿದೆ

ಒಂದು ವರ್ಷದಿಂದ ಕೂಡಿಟ್ಟ 28,000 ರೂಪಾಯಿಗೆ, ಕಂಪ್ಯೂಟರ್ ಆಟಗಳ ಚಿತ್ರವನ್ನು ಪರದೆಗೆ ಮೂಡಿಸುವ ಯಾವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೆಂಬುದನ್ನು ನಿನ್ನೆ ರಾತ್ರಿ, ಚಿಕ್ಕಮಗಳೂರಿನ ಮಳೆ ಹೆಂಚಿನ ಮೇಲೆ ಬಿಡದೆ ಸುರಿಯುತ್ತಿದ್ದಾಗ, ಅಂತೂ ತೀರ್ಮಾನಿಸಿದೆ. ಫೋರ್‌ಕೆ ಪರದೆಯ ಆಸೆಯನ್ನು ಮೊದಲೇ ಬಿಟ್ಟಿದ್ದೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 1440ಪಿಯಲ್ಲಿ 36.9 ಲಕ್ಷ, ಫೋರ್‌ಕೆಯಲ್ಲಿ 82.9 ಲಕ್ಷ, ಪ್ರತಿ ಫ್ರೇಮಿಗೂ ಅಷ್ಟನ್ನೂ ಸರಾಗವಾಗಿ ಚಿತ್ರಿಸುವ ಕಾರ್ಡು ನನ್ನ ಕೈಗೆಟುಕುವಂಥದ್ದಲ್ಲ.

1440ಪಿಗೆ ಉಳಿದದ್ದು ಎರಡೇ ಕಾರ್ಡು. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಕೇವಲ 115 ವ್ಯಾಟ್ ಬಳಸುತ್ತದೆ, ಕಡಿಮೆ ಪಿಕ್ಸೆಲ್‌ಗಳಲ್ಲಿ ಚಿತ್ರಿಸಿ ಎಐಯಿಂದ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಸೌಲಭ್ಯವೂ ಇದೆ. ಆದರೆ ಮೆಮೊರಿ 8 ಜಿಬಿ ಮಾತ್ರ. ಹೊಸ ಆಟಗಳಲ್ಲಿ ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳಾದ ಟೆಕ್ಸ್ಚರ್‌ಗಳು ಅದರಲ್ಲಿ ಹಿಡಿಸದೆ ಹೋದಾಗ ಕಾರ್ಡು ಕಂಪ್ಯೂಟರಿನ ರ‍್ಯಾಮ್‌ನತ್ತ ಕೈಚಾಚಬೇಕಾಗುತ್ತದೆ, ಆ ದಾರಿ ನಿಧಾನವಾದ್ದರಿಂದ ಆಟ ತಡವರಿಸುತ್ತದೆ. ಗೆಳೆಯನ ಮನೆಯಲ್ಲಿ ಆ ತಡವರಿಕೆಯನ್ನು ಕಣ್ಣಾರೆ ಕಂಡ ಮೇಲೆ, 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580ರ 12 ಜಿಬಿಯೇ ನನಗೆ ಹೆಚ್ಚು ಭರವಸೆಯದಾಗಿ ಕಂಡಿತು.

ಅದಕ್ಕೆ 190 ವ್ಯಾಟ್ ಬೇಕು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಟಾರ್ಚ್ ಹಿಡಿದು, ಧೂಳು ಒರೆಸಿ ಪವರ್ ಸಪ್ಲೈ ಮೇಲಿನ ಚೀಟಿ ಓದಿದೆ: 650 ವ್ಯಾಟ್. ಸಮಾಧಾನವಾಯಿತು. ಹಳೆಯ ಪ್ರೊಸೆಸರ್ ಇದ್ದವರಿಗೆ ಈ ಕಾರ್ಡನ್ನು ಕೊಳ್ಳಿ ಎಂದು ನಾನು ಹೇಳಲಾರೆ, ಏಕೆಂದರೆ ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಗೇ ತಲುಪಲು ಬಿಡುವ ರೀಸೈಜಬಲ್ ಬಾರ್ ಇಲ್ಲದಿದ್ದರೆ ಅದರ ವೇಗ ಬಹಳ ಕುಗ್ಗುತ್ತದೆ. ನನ್ನ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಅದನ್ನು ಆನ್ ಮಾಡುವಷ್ಟರಲ್ಲಿ ಕರೆಂಟು ಹೋಯಿತು; ಇಂದು ಬೆಳಿಗ್ಗೆ ಎದ್ದ ಕೂಡಲೇ ಮಾಡಿದ ಮೊದಲ ಕೆಲಸ ಅದೇ.