ಹಾಸು ಚೀನಾದ್ದು

2011ರ ಜೂನ್. ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟು ಐದು ದಿನವಾಗಿತ್ತು. ಸಂಜೆಯಿಂದ ಮನೆಮಂದಿಯೆಲ್ಲ ಕೂತು ಗೂಡು ಬಿಡಿಸಿದೆವು. ಬೆಳಿಗ್ಗೆ ಐದಕ್ಕೆ ಲಗೇಜ್ ಆಟೋಗೆ ಚೀಲ ಏರಿಸಿ, ನಾನೂ ಅಪ್ಪನೂ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟೆವು. 14 ಕಿಲೋಮೀಟರ್ ದಾರಿ. ಅಪ್ಪ ಒಂದು ಮಾತೂ ಆಡಲಿಲ್ಲ. ಚೀಲದ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು.

150 ಮೊಟ್ಟೆ ತಂದು ಸಾಕಿದ್ದ ಬೆಳೆ ಅದು. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ನಮ್ಮಲ್ಲಿ ಒಂದು ಮೊಟ್ಟೆ ಅನ್ನುವ ಲೆಕ್ಕ. 92 ಕೆಜಿ ಬಂದಿತ್ತು. ಒಳ್ಳೆ ಇಳುವರಿಯೇ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದಮೇಲೆ ಅವ್ವ ಸರಿಯಾಗಿ ಮಲಗಿರಲಿಲ್ಲ. ನಡುರಾತ್ರಿಯೂ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಬೇಕಲ್ಲ. ಹುಳು ಮನೆಯಲ್ಲಿದ್ದಷ್ಟು ದಿನ ನಮ್ಮಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಜೋರಾಗಿ ಒಗ್ಗರಣೆ ಹಾಕುವಂತಿಲ್ಲ. ಬೀಡಿ ಸೇದುವ ನೆಂಟರು ಬಂದರೆ ಜಗಲಿಯಿಂದಲೇ ವಾಪಸ್. ಹಬ್ಬ ಬಂದರೂ ಹುಳುವನ್ನೇ ಮೊದಲು ವಿಚಾರಿಸಬೇಕು.

ಜನವರಿಯಲ್ಲಿ ಇದೇ ಗೂಡು ಕೆಜಿಗೆ 305 ರೂಪಾಯಿಗೆ ಹೋಗಿತ್ತು. ಫೆಬ್ರವರಿ ಕೊನೆಗೆ ದೆಹಲಿಯಲ್ಲಿ ಬಜೆಟ್ ಮಂಡನೆಯಾಯಿತು. ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿಯಿತು. ಪೇಪರಿನಲ್ಲಿ ಓದಿದಾಗ ನನಗೂ ಅದರ ಭಾರ ಗೊತ್ತಾಗಲಿಲ್ಲ. ಒಂದು ಸಾಲಿನ ಸುದ್ದಿ ಅದು.

ಮಾರುಕಟ್ಟೆಯಲ್ಲಿ ಗೂಡು ಸುರಿದು, ಲಾಟ್ ನಂಬರ್ ಹಾಕಿಸಿ ನಿಂತೆವು. ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳು ಬರುತ್ತಾರೆ, ಹಿಡಿ ತುಂಬಾ ಎತ್ತುತ್ತಾರೆ, ಒಂದೆರಡು ಗೂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಬೆರಳಲ್ಲಿ ಅದುಮುತ್ತಾರೆ, ಹಾಗೇ ಸುರಿದು ಮುಂದೆ ಹೋಗುತ್ತಾರೆ. ಹರಾಜಿನ ಕೂಗು ನಮ್ಮ ಲಾಟ್‌ಗೆ ಬಂದಾಗ 110ರಿಂದ ಶುರುವಾಯಿತು. 150ಕ್ಕೆ ನಿಂತಿತು. ಅಪ್ಪ 'ಕೊಡಲ್ಲ' ಅಂದರು.

ಕೊಡಲ್ಲ ಅಂತ ಹೇಳಬಹುದು, ಮುಂದಿನ ಸುತ್ತಿಗೆ ಕಾಯಬಹುದು. ಆದರೆ ಮನೆಗೆ ವಾಪಸ್ ಒಯ್ಯುವುದು ಆಗದ ಮಾತು. ರಾಗಿಯಾದರೆ ಮನೆಯಲ್ಲಿ ತುಂಬಿಟ್ಟು ರೇಟು ಬಂದಾಗ ಮಾರಬಹುದು. ಗೂಡು ಹಾಗಲ್ಲ. ಒಳಗಿನ ಜೀವ ಲೆಕ್ಕ ಇಟ್ಟುಕೊಂಡು ಕೂತಿರುತ್ತದೆ. ಹತ್ತು-ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ ತೂತು ಮಾಡಿ ಹೊರಗೆ ಬರುತ್ತದೆ. ಆಮೇಲೆ ನೂಲು ಬಿಚ್ಚಲು ಬರುವುದಿಲ್ಲ. ಇದು ನಮಗೆ ಎಷ್ಟು ಗೊತ್ತೋ ರೀಲರ್‌ಗೂ ಅಷ್ಟೇ ಗೊತ್ತು.

ಎರಡನೇ ಸುತ್ತಿನಲ್ಲಿ 142.

ಹಿಡಿದವನು ಅಪ್ಪನಿಗೆ ಹಳೆ ಪರಿಚಯದ ರೀಲರ್. ಚೀಟಿ ಬರೆಸುವಾಗ ಅವನೇ ಪಕ್ಕಕ್ಕೆ ಬಂದ. 'ಬೇಜಾರು ಮಾಡ್ಕೋಬೇಡಿ ಗೌಡ್ರೇ. ನನ್ನ ನೂಲೇ ಹೋಗ್ತಿಲ್ಲ. ಚೀನಾ ಮಾಲು ಬಂದು ಕೂತಿದೆ. ನೂಲು ಬಿಚ್ಚೋ ಎರಡು ಬೇಸಿನ್ ನಿಲ್ಲಿಸಿದ್ದೀನಿ' ಅಂದ. ಅಪ್ಪ ಅವನ ಭುಜ ತಟ್ಟಿದರು. ಯಾರು ಯಾರಿಗೆ ಸಮಾಧಾನ ಹೇಳಬೇಕಿತ್ತೋ ಗೊತ್ತಾಗಲಿಲ್ಲ. ಕೈಗೆ ಬಂದಿದ್ದು 13,000 ಚಿಲ್ಲರೆ. ಮೊಟ್ಟೆ, ಗೊಬ್ಬರ, ಕೂಲಿ ಕಳೆದರೆ ಅವ್ವನ ನಿದ್ದೆಗೆ ಏನೂ ಉಳಿಯಲಿಲ್ಲ.

ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಅಪ್ಪ 1991ರ ಮಾತು ತೆಗೆದರು. ಆಗ ನಾನು ಐದನೇ ಕ್ಲಾಸು. ದೇಶದ ಚಿನ್ನ ಅಡ ಇಟ್ಟರಂತೆ ಅನ್ನುವ ಸುದ್ದಿ ಕೇಳಿ ಅವ್ವ, 'ದೇಶಾನೂ ಒಡವೆ ಅಡ ಇಡುತ್ತಾ!' ಅಂತ ಬಾಯಿ ಮೇಲೆ ಬೆರಳಿಟ್ಟುಕೊಂಡಿದ್ದಳು. ಅವಳ ಎರಡೆಳೆ ಸರ ಆಗ ಸೊಸೈಟಿಯಲ್ಲೇ ಇತ್ತು. ಹಾಗಾಗಿ ನರಸಿಂಹರಾಯರ ಸರ್ಕಾರದ ಕಷ್ಟ ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು. ಮಾರನೇ ವರ್ಷ ಡಿಎಪಿ ಗೊಬ್ಬರದ ಬೆಲೆಯ ಮೇಲಿನ ಹಿಡಿತ ಸರ್ಕಾರ ಬಿಟ್ಟಿತು. ಸೊಪ್ಪಿನ ತೋಟಕ್ಕೆ ಹಾಕುತ್ತಿದ್ದ ಚೀಲಗಳು ಕಮ್ಮಿಯಾದವು. ಊರಿಗೆ ಉದಾರೀಕರಣ ಮೊದಲು ಬಂದಿದ್ದು ಹೀಗೆ, ಗೊಬ್ಬರದ ಅಂಗಡಿ ಮೂಲಕ.

ಬರೀ ಕೆಟ್ಟದ್ದೇ ಬಂತು ಅಂದರೆ ಸುಳ್ಳಾಗುತ್ತದೆ. ಎಸ್‌ಟಿಡಿ ಬೂತ್ ಬಂತು, ಗೂಡಿನ ರೇಟನ್ನು ಮುಂಚೆಯೇ ಕೇಳಿಕೊಳ್ಳುವಂತಾಯಿತು. ಕೇಬಲ್ ಬಂತು, ರಾತ್ರಿ ಸೊಪ್ಪು ಹಾಕುವವರೆಗೆ ಎಚ್ಚರ ಇರುವುದು ಸುಲಭವಾಯಿತು. ಬಿಡದಿಯಲ್ಲಿ ಕಾರು ಫ್ಯಾಕ್ಟರಿ ಬಂತು. ಐಟಿಐ ಮಾಡಿದ್ದ ನನ್ನ ದೊಡ್ಡಪ್ಪನ ಮಗ ಆ ಕಡೆ ಕೆಲಸಕ್ಕೆ ಸೇರಿದ. ಅವನ ಶಿಫ್ಟ್ ಬಸ್ಸಿನ ಹಾರ್ನ್ ಕೇಳಿ ಊರವರು ಹೊತ್ತು ಎಣಿಸುತ್ತಿದ್ದರು. ತಿಂಗಳಾದರೆ ಸಂಬಳ, ಚಿಟ್ಟೆಯಾಗಿ ಹಾರಿಹೋಗುವ ಭಯವಿಲ್ಲ. ಹುಡುಗರೆಲ್ಲ ಆ ಕಡೆ ನೋಡತೊಡಗಿದರು. ಸೊಪ್ಪು ಕೊಯ್ಯಲು ಆಳು ಸಿಗುವುದು ಕಷ್ಟವಾಯಿತು.

ಚಿಕ್ಕಮ್ಮ ಪಂಚಾಯ್ತಿ ಮೆಂಬರ್ ಆದದ್ದೂ ಆ ಕಾಲದಲ್ಲೇ. 1993ರಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂತು, ಹೆಂಗಸರಿಗೆ ಮೂರರಲ್ಲೊಂದು ಸೀಟು. ಡಿಸೆಂಬರಿನಲ್ಲಿ ಚುನಾವಣೆ. ಮೊದಲ ಮೀಟಿಂಗಿಗೆ ಚಿಕ್ಕಪ್ಪನೇ ಹೋಗಿ ಕೂತಿದ್ದರು. ಎರಡನೆಯದಕ್ಕೆ ಚಿಕ್ಕಮ್ಮ, 'ಗೆದ್ದೋಳು ನಾನೋ ನೀವೋ?' ಅಂತ ಕೇಳಿ ತಾನೇ ಹೋದಳು. ನಮ್ಮ ಬೀದಿಗೆ ನಲ್ಲಿ ಹಾಕಿಸಿದಳು.

ಆವತ್ತು ಮಧ್ಯಾಹ್ನ ನಾವು ಮನೆಗೆ ಬಂದಾಗ ಅದೇ ನಲ್ಲಿಯ ಹತ್ತಿರ ನಾಲ್ಕಾರು ಹೆಂಗಸರು ಚಿಕ್ಕಮ್ಮನನ್ನು ಹಿಡಿದುಕೊಂಡಿದ್ದರು. 'ನೀನು ಮೆಂಬರ್ ಆಗಿದ್ದೋಳಲ್ವಾ, ರೇಟು ಯಾಕಿಂಗಾಯ್ತು ಅಂತ ಕೇಳು.' ಚಿಕ್ಕಮ್ಮ ಕೊಡ ಸೊಂಟಕ್ಕೇರಿಸಿಕೊಂಡು, 'ಬೀದಿ ದೀಪ ಕೆಟ್ಟಿದ್ರೆ ಹೇಳಿ, ಹಾಕಿಸ್ತೀನಿ. ಇದನ್ನ ಯಾರಿಗೆ ಕೇಳ್ಲವ್ವ?' ಅಂದಳು. ನಕ್ಕರು ಎಲ್ಲರೂ. ನನಗೆ ಮಾತ್ರ ಆ ಮಾತು ಬಸ್ಸು ಹತ್ತಿದ ಮೇಲೂ ಬಿಡಲಿಲ್ಲ. ಅಧಿಕಾರ ನಡೆದು ಹೋಗುವಷ್ಟು ಹತ್ತಿರ ಬಂದಿತ್ತು. ಬೆಲೆ ಮಾತ್ರ ಕೈಗೆ ಸಿಗದಷ್ಟು ದೂರ ಹೋಗಿತ್ತು.

ಇನ್ನೊಂದು ವಿಷಯ ನಾನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ನಾನಿದ್ದದ್ದು ದೊಡ್ಡಬಳ್ಳಾಪುರದಲ್ಲಿ. ಶಾಲೆಯಲ್ಲಿ ಮೇಷ್ಟ್ರು. ಬಾಡಿಗೆ ಮನೆಯ ಕೆಳಗೆ ಓನರ್‌ದು ನಾಲ್ಕು ಪವರ್‌ಲೂಮ್. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು, ಹೀಗೆ ರೇಷ್ಮೆ ಸೀರೆ ನೇಯುತ್ತಿದ್ದರು. ಹಿಂದಿನ ವರ್ಷ ನೂಲಿನ ಬೆಲೆ ಏರಿ ಎರಡು ಮಗ್ಗ ನಿಂತಿದ್ದವು. ಸಾಲಗಾರರು ಮೆಟ್ಟಿಲ ಹತ್ತಿರ ಕಾದಿದ್ದನ್ನು ನಾನೇ ನೋಡಿದ್ದೆ. ಈಗ ನಾಲ್ಕೂ ಹೊಡೆಯುತ್ತಿದ್ದವು. ನಾನು ವಾಪಸ್ ಹೋದ ರಾತ್ರಿ ಅವರು ಕೂಗಿ ಕರೆದು ಒಂದು ಬಾಕ್ಸ್ ಮೈಸೂರು ಪಾಕ್ ಕೊಟ್ಟರು. 'ನೂಲು ಇಳೀತು ಮೇಷ್ಟ್ರೇ. ಈ ವರ್ಷ ಮಗಳ ಮದುವೆ ಮಾಡಿಬಿಡ್ತೀನಿ.' ನಾನು ಒಳ್ಳೆಯದಾಯ್ತು ಅಂದೆ. ಸುಳ್ಳು ಹೇಳಿದೆ ಅಂತ ಅನ್ನಿಸಲಿಲ್ಲ. ನಿಜ ಹೇಳಿದೆ ಅಂತಲೂ ಅನ್ನಿಸಲಿಲ್ಲ. ಮೈಸೂರು ಪಾಕ್ ಎರಡು ದಿನ ಹಾಗೇ ಇತ್ತು. ಮೂರನೇ ದಿನ ಇರುವೆ ಬಂತು ಅಂತ ತಿಂದೆ.

ಮದುವೆಗೆ ನನ್ನ ಅಪ್ಪ ಅವ್ವನನ್ನೂ ಕರೆದಿದ್ದರು. ಹೊರಡುವಾಗ ಅವ್ವನಿಗೆ ಎಲೆ ಅಡಿಕೆ ಜೊತೆ ಒಂದು ಸೀರೆ ಇಟ್ಟು ಕೊಟ್ಟರು, ಸ್ವಂತ ಮಗ್ಗದ್ದು. ಮೂವತ್ತು ವರ್ಷ ಹುಳು ಸಾಕಿದವಳು, ಅವಳ ಹತ್ತಿರ ಇದ್ದದ್ದು ಒಂದೇ ರೇಷ್ಮೆ ಸೀರೆ, ಮದುವೆಯದ್ದು. ಅವ್ವ ಸೆರಗಿನ ಅಂಚು ಬಿಡಿಸಿ ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದಳು. ಗೂಡು ನೋಡುವ ಹಾಗೇ.

'ನೂಲು ಎಲ್ಲಿದಣ್ಣ?' ಅಂದಳು.

ಅವರು ಹೆಮ್ಮೆಯಿಂದಲೇ ಹೇಳಿದರು: 'ಹಾಸು ಚೀನಾದ್ದಮ್ಮ, ಒಂದೆಳೆ ಹರಿಯಲ್ಲ. ಹೊಕ್ಕು ನಿಮ್ ರಾಮನಗರದ್ದು.'

ಅವ್ವ ಸೀರೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಬಸ್ಸಿನಲ್ಲಿ ಅಪ್ಪನಿಗೆ, 'ಬೇಗ ಹೋಗೋಣ, ಹುಳು ಎರಡನೇ ಜ್ವರದಲ್ಲವೆ' ಅಂದಳು.