ದೇವರೆದುರು ಮೂವತ್ತು ನಾಣ್ಯ

ಭಾನುವಾರ, 9 ಮಾರ್ಚ್ 2025

ದೇವರ ಪಟ ಕಂಡರೆ ಕಳ್ಳನ ಕೈಯೂ ಹಿಂದೆ ಸರಿಯುತ್ತದೆ ಅನ್ನೋದು ಹೇಳೋಕೆ ಸುಲಭ, ಅಳೆಯೋಕೆ ಕಷ್ಟ. ಅಳೆಯಲು ಕೂತವನದೂ ಒಂದು ಜೊತೆ ಕಣ್ಣೇ ತಾನೆ! ದುಡ್ಡಿನ ಆಟವೊಂದನ್ನು ಆಡಿಸಿ ನೋಡಿದರೂ ಆಟಗಾರ ನೇರವಾಗಿ ನಡೆದುಕೊಂಡದ್ದು ಪಟಕ್ಕೆ ಹೆದರಿಯೋ, ಪಕ್ಕದಲ್ಲಿ ಪುಸ್ತಕ ಹಿಡಿದವನಿಗೆ ನಾಚಿಯೋ ತಿಳಿಯುವುದಿಲ್ಲ.

ಈ ಗಂಟು ಬಿಡಿಸಲು ಎರಡು ಬಟ್ಟಲಿನ ಆಟವೇ ವಾಸಿ. ಬೇಕಾದ್ದು 30 ನಾಣ್ಯ, ಎರಡು ಬಟ್ಟಲು, ಮೂರು ಮುಖ ಕಪ್ಪು ಮೂರು ಮುಖ ಬಿಳಿ ಇರುವ ಒಂದು ದಾಳ. ಒಂದು ಬಟ್ಟಲಿನ ದುಡ್ಡು ಆಟಗಾರನಿಗೆ, ಇನ್ನೊಂದರದ್ದು ದೂರದಲ್ಲೆಲ್ಲೋ ಇರುವ, ಅವನದೇ ಧರ್ಮದ ಅಪರಿಚಿತನಿಗೆ. ಪ್ರತಿ ನಾಣ್ಯಕ್ಕೂ ಮೊದಲು ಮನಸ್ಸಿನಲ್ಲೇ ಒಂದು ಬಟ್ಟಲನ್ನು ಆರಿಸಿಕೊಂಡು ಆಮೇಲೆ ದಾಳ ಉರುಳಿಸಬೇಕು. ಕಪ್ಪು ಬಿದ್ದರೆ ನೆನೆದ ಬಟ್ಟಲಿಗೆ, ಬಿಳಿ ಬಿದ್ದರೆ ಇನ್ನೊಂದಕ್ಕೆ. ನೆನೆದದ್ದು ಯಾವುದು ಅಂತ ಅವನಿಗೆ ಗೊತ್ತು, ನಂಬಿದ್ದರೆ ಅವನ ದೇವರಿಗೆ ಗೊತ್ತು.

ನೇರವಾಗಿ ಆಡಿದರೆ ತನ್ನ ಪಾಲಿಗೆ ಸರಾಸರಿ 15 ಬರುತ್ತದೆ. ಹಾಗಂತ 20 ಕಂಡ ಕೂಡಲೇ ಕಳ್ಳ ಅನ್ನುವಂತಿಲ್ಲ. ಪ್ರಾಮಾಣಿಕರಲ್ಲೇ ನೂರಕ್ಕೆ ಸುಮಾರು ಐದು ಜನರಿಗೆ 20 ಅಥವಾ ಅದಕ್ಕಿಂತ ಹೆಚ್ಚು ಬೀಳುತ್ತದೆ. ಸಿಕ್ಕಿಬೀಳುವುದು ಗುಂಪು ಮಾತ್ರ. ನೂರು ಜನರ ಸರಾಸರಿ 15.6 ದಾಟಿತೆಂದರೆ ದಾಳದ ಮೇಲಲ್ಲ, ಕೈಯ ಮೇಲೆ ಅನುಮಾನ ಪಡಬೇಕು. ಸಂಶೋಧಕ ಬೆಂಜಮಿನ್ ಪರ್ಜಿಟ್ಸ್ಕಿ ಮತ್ತು ಸಂಗಡಿಗರು ಎಂಟು ಸಮುದಾಯಗಳ 591 ಜನರನ್ನು ಹೀಗೆ ಆಡಿಸಿ 2016ರಲ್ಲಿ ಪ್ರಕಟಿಸಿದರು. ದೇವರು ಎಲ್ಲ ಬಲ್ಲ, ತಪ್ಪಿದರೆ ಶಿಕ್ಷಿಸುತ್ತಾನೆ ಎಂದು ನಂಬಿದಷ್ಟೂ ದೂರದವನ ಬಟ್ಟಲು ತುಂಬುತ್ತಿತ್ತು.

ಆಟ ಕೆಡುವುದು ಹೆಚ್ಚಾಗಿ ನಿಯಮ ಅರ್ಥವಾಗದೆ. ದಾಳ ಬಿದ್ದ ಮೇಲೆ ಬಟ್ಟಲು ನೆನೆಯುವವರಿದ್ದಾರೆ. ಲೆಕ್ಕದಲ್ಲಿ ಅದೂ ಮೋಸವಾಗಿಯೇ ಕಾಣುತ್ತದೆ. ಆದ್ದರಿಂದ ನಾಲ್ಕಾರು ಅಭ್ಯಾಸದ ಸುತ್ತು ಆಡಿಸಿ, ನಿಯಮವನ್ನು ಅವರ ಬಾಯಲ್ಲೇ ಹೇಳಿಸಿ, ಆಮೇಲೆ ಎದ್ದು ಹೊರಗೆ ಹೋಗಬೇಕು. ಬಾಗಿಲ ಸಂದಿಯಲ್ಲೂ ಇಣುಕಬಾರದು.

ಇನ್ನು ಜಾಗದ ಮಾತು. ಮಾರಿಷಸ್‌ನಲ್ಲಿ ಮಾನವಶಾಸ್ತ್ರಜ್ಞ ದಿಮಿತ್ರಿಸ್ ಕ್ಸಿಗಲಾಟಾಸ್ ಹಿಂದೂಗಳನ್ನು ದೇವಸ್ಥಾನದಲ್ಲೂ ಹೋಟೆಲಿನಲ್ಲೂ ಆಡಿಸಿ ನೋಡಿದರು. ಅದು ಸಾಮೂಹಿಕ ನಿಧಿಯಿಂದ ಹಣ ತೆಗೆದುಕೊಳ್ಳುವ ಆಟ. ದೇವಸ್ಥಾನದಲ್ಲಿ ಜನ ಕಡಿಮೆ ತೆಗೆದರು. ಇಂಥದ್ದನ್ನು ಮಾಡುವಾಗ ದೇವಸ್ಥಾನಕ್ಕೆ ಬಂದವರನ್ನು ಅಲ್ಲೇ, ಹೋಟೆಲಿಗೆ ಬಂದವರನ್ನು ಅಲ್ಲೇ ಹಿಡಿದು ಕೂರಿಸಿದರೆ ಅಳೆದದ್ದು ಜಾಗವನ್ನಲ್ಲ, ಜನರನ್ನು. ಎಲ್ಲರನ್ನೂ ಮೂರನೆಯ ಕಡೆ ಸೇರಿಸಿ, ಚೀಟಿ ಎತ್ತಿ ಕಳಿಸಬೇಕು. ಗದ್ದಲ, ಬೆಳಕು, ಕೂರುವ ಅಂತರ ಎರಡೂ ಕಡೆ ಆದಷ್ಟು ಒಂದೇ ಇರಲಿ. ಬರೀ ಮೌನವೇ ಜನರನ್ನು ಮೆತ್ತಗೆ ಮಾಡಿದ್ದರೆ?

ಪದಗಳ ಮೂಲಕ ದೇವರನ್ನು ನೆನಪಿಸಿ ನೋಡುವ ಪ್ರಯೋಗಕ್ಕೆ ಹೆಸರು ದೊಡ್ಡದು, ನಂಬಿಕೆ ನನಗೆ ಕಡಿಮೆ. 2007ರಲ್ಲಿ ಮನಶ್ಶಾಸ್ತ್ರಜ್ಞರಾದ ಶರೀಫ್ ಮತ್ತು ನೊರೆನ್‌ಜಯಾನ್ ಕಲಸಿಟ್ಟ ಐದು ಪದಗಳಲ್ಲಿ ಒಂದನ್ನು ಬಿಟ್ಟು ವಾಕ್ಯ ಮಾಡಿಸಿದರು; ಕೆಲವು ವಾಕ್ಯಗಳಲ್ಲಿ 'ದೇವರು', 'ಪವಿತ್ರ' ಥರದ ಮಾತು ಅಡಗಿದ್ದವು. ಆಮೇಲೆ ಕೈಗೆ 10 ಡಾಲರ್ ಕೊಟ್ಟಾಗ ಅಪರಿಚಿತನಿಗೆ ಬಿಟ್ಟದ್ದು ಸರಾಸರಿ 4.22, ಆ ಪದಗಳಿಲ್ಲದವರು ಬಿಟ್ಟದ್ದು 1.84. ಎರಡನೆಯ ಸುತ್ತಿನಲ್ಲಿ ಕೋರ್ಟು, ಪೊಲೀಸು ಎಂಬ ಪದಗಳೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಿದವು, ಇದನ್ನು ಜನ ಮರೆತುಬಿಡುತ್ತಾರೆ. ಗೋಮ್ಸ್ ಮತ್ತು ಮೆಕಲಾ 2015ರಲ್ಲಿ 455 ಜನರ ಮೇಲೆ ಮತ್ತೆ ಮಾಡಿದಾಗ ಪರಿಣಾಮ ಸಿಗಲಿಲ್ಲ. ಮರುವರ್ಷ 93 ಅಧ್ಯಯನಗಳನ್ನು ಒಟ್ಟು ಹಾಕಿದ ವಿಶ್ಲೇಷಣೆ ಪರಿಣಾಮ ಇದೆ ಅಂದಿತು, ಆದರೆ ಧರ್ಮದಲ್ಲಿ ನಂಬಿಕೆ ಇಲ್ಲದವರಲ್ಲಿ ಅದು ಸ್ಥಿರವಾಗಿ ಕಾಣಲಿಲ್ಲ. ನಂಬಿಕೆಯ ಪ್ರಶ್ನೆ ಕೇಳಲೇಬೇಕು; ಆದರೆ ಆಟ ಮುಗಿದ ಮೇಲೆ. ಮೊದಲೇ ಕೇಳಿದರೆ ಆ ಪ್ರಶ್ನೆಯೇ ದೇವರನ್ನು ನೆನಪಿಸಿಬಿಡುತ್ತದೆ.

ಹೊತ್ತಿನ ಲೆಕ್ಕವೂ ಇರಬೇಕು. ಮೊರಾಕೊ ದೇಶದ ಮರಾಕೆಶ್ ಊರಿನ 69 ಅಂಗಡಿಯವರ ಮುಂದೆ ಹಣವನ್ನು ತಾವು ಇಟ್ಟುಕೊಳ್ಳುವ ಅಥವಾ ದಾನಕ್ಕೆ ಬಿಡುವ ಆಯ್ಕೆ ಇಟ್ಟಾಗ, ಆಜಾನ್ ಕಿವಿಗೆ ಬೀಳುತ್ತಿದ್ದವರು ಹೆಚ್ಚು ದಾನಿಗಳಾದರು. ಕೇಳದ ಹೊತ್ತಿನಲ್ಲಿ ಅಷ್ಟಿಲ್ಲ. ಅದೇ ಪೇಟೆ, ಅದೇ ಊರಿನ ಭಕ್ತರು. ಹಾಗಾಗಿ ಹಾಳೆಯಲ್ಲಿ ವಯಸ್ಸು, ನಾಣ್ಯಗಳ ಪಕ್ಕದಲ್ಲೇ ಇನ್ನೊಂದು ಕಾಲಂ ಗೆರೆ ಎಳೆದುಕೊಳ್ಳಿ: ಆಜಾನಿನ ದನಿ ನಿಂತು ಎಷ್ಟು ನಿಮಿಷವಾಯಿತು.