‘ಎ’ ಎಂದರೆ ಏನು ಮೇಡಂ?

‘ಅಡಲ್ಟರಿ’, ಅಂದರೆ ವ್ಯಭಿಚಾರ. ಆಯಿತೇ? ಎರಡು ಅಂಕಕ್ಕೆ ಇಷ್ಟು ಸಾಕು, ಬರೆದು ಪೆನ್ನಿನ ಮುಚ್ಚಳ ಹಾಕಿ.

ನಥಾನಿಯಲ್ ಹಾಥಾರ್ನ್ 1850ರಲ್ಲಿ ಪ್ರಕಟಿಸಿದ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿಯನ್ನು ಪಾಠ ಮಾಡುವ ನನಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಗಂಡ ದೂರವಿದ್ದಾಗ ಪರ್ಲ್ ಎಂಬ ಮಗುವನ್ನು ಹೆತ್ತ ಹೆಸ್ಟರ್, ಶಿಕ್ಷೆಯಾಗಿ ಎದೆಯ ಮೇಲೆ ಕೆಂಪು ‘ಎ’ ಅಕ್ಷರ ಧರಿಸಬೇಕಾದ ಕಥೆ ಅದು. ನೆಂಟರ ಮದುವೆಯೊಂದರಲ್ಲಿ, ಎಲೆಗೆ ಪಾಯಸ ಬೀಳುತ್ತಿದ್ದಾಗ ಪಕ್ಕದ ಹುಡುಗಿ ಕೇಳಿದಳು: “ಮೇಡಂ, ಹೆಸ್ಟರ್ ಎದೆಯ ಮೇಲಿನ ‘ಎ’ ಯಾವುದರ ಸಂಕೇತ? ಪರ್ಲ್ ಯಾವುದರ ಸಂಕೇತ? ಒಂದೊಂದೇ ಪದದಲ್ಲಿ ಹೇಳಿಬಿಡಿ.”

ಒಂದೊಂದೇ ಪದವಂತೆ! ನಾನು ಮೇಲೆ ಧಾರಾಳವಾಗಿ ಬರೆದುಬಿಟ್ಟ ಆ ಪದವನ್ನು ಹಾಥಾರ್ನ್ ಇಡೀ ಕಾದಂಬರಿಯಲ್ಲಿ ಒಮ್ಮೆಯೂ ಬಳಸಿಲ್ಲ. ಕಥೆಯೊಳಗಿನ ಬಾಸ್ಟನ್ನಿನ ಪ್ಯೂರಿಟನ್ನರಿಗೇ, ಅಂದರೆ ಆ ಕಟ್ಟುನಿಟ್ಟಿನ ಕ್ರೈಸ್ತರಿಗೇ, ಒಂದು ಉತ್ತರ ನಿಲ್ಲಲಿಲ್ಲ. ಮೊದಲು ಪಾಪದ ಗುರುತು ಎಂದರು. ಹೆಸ್ಟರ್ ವರ್ಷಗಟ್ಟಲೆ ರೋಗಿಗಳ ಮಗ್ಗುಲಲ್ಲಿ ಕುಳಿತ ಮೇಲೆ ಅದು ‘ಏಬಲ್’, ಅಂದರೆ ಸಮರ್ಥೆ, ಎಂದರು. ಗವರ್ನರ್ ವಿಂತ್ರಾಪ್ ತೀರಿಕೊಂಡ ರಾತ್ರಿ ಆಕಾಶದಲ್ಲಿ ಉಲ್ಕೆ ಅದೇ ಅಕ್ಷರ ಬರೆದಾಗ ‘ಏಂಜೆಲ್’ ಎಂದರು. ಮಗುವಿನ ಅಪ್ಪ ತಾನೇ ಎಂದು ಏಳು ವರ್ಷ ಬಾಯಿ ಬಿಡದ ಪಾದ್ರಿ ಡಿಮ್ಸ್‌ಡೇಲ್ ಮಾತ್ರ ಆ ಬೆಳಕಿನಲ್ಲಿ ತನ್ನ ಪಾಪವನ್ನೇ ಕಂಡ. ಇನ್ನು ಪರ್ಲ್ ಸಂಕೇತವಂತೂ ಹೌದು, ಆದರೆ ಮೊದಲು ಅವಳು ಮಗು. ಕಾಡಿನಲ್ಲಿ ತಾಯಿ ಆ ಅಕ್ಷರವನ್ನು ಕಿತ್ತೆಸೆದಾಗ ಹಳ್ಳದ ಆಚೆ ದಡದಲ್ಲಿ ನಿಂತು ಹಟ ಹಿಡಿದಳು. ಹುಟ್ಟಿದಾಗಿನಿಂದ ನೋಡಿದ ಅಮ್ಮ ಅದಿಲ್ಲದೆ ಅಮ್ಮನಂತೆಯೇ ಕಾಣಲಿಲ್ಲ.

“ಆ ಅಕ್ಷರವನ್ನು ಹೊಲಿದವರು ಯಾರು?” ಎಂದು ಯಾರಾದರೂ ಒಬ್ಬರು ಕೇಳಬಾರದೇ? ಹೆಸ್ಟರ್ ತಾನೇ. ಧರಿಸು ಎಂದು ಶಿಕ್ಷೆ ವಿಧಿಸಿದವರು, ಕೆಂಪು ಬಟ್ಟೆಯ ಸುತ್ತ ಚಿನ್ನದೆಳೆಯ ಕಸೂತಿ ಬರುತ್ತದೆಂದು ಎಣಿಸಿರಲಿಲ್ಲ. ಜೈಲಿನ ಬಾಗಿಲಲ್ಲಿ ನೆರೆದ ಹೆಂಗಸರಿಗೆ ಹೊಟ್ಟೆ ಉರಿದು ಹೋಯಿತು. ಸಂಧಿವಾತಕ್ಕೆ ಸುತ್ತಿಕೊಳ್ಳುವ ತನ್ನ ಫ್ಲಾನೆಲ್ ಚಿಂದಿಯನ್ನು ಕೊಡುತ್ತೇನೆ, ಅವಳಿಗೆ ಅದೇ ತಕ್ಕದ್ದು ಎಂದು ಒಬ್ಬಳು ಗೊಣಗಿದಳು. ಆಮೇಲೆ ಅದೇ ಊರು ಅವಳ ಸೂಜಿಗೆ ದುಂಬಾಲು ಬಿತ್ತು: ಗವರ್ನರರ ಮಡಿಕೆಯ ಕತ್ತುಪಟ್ಟಿ, ಸೈನಿಕರ ನಡುಪಟ್ಟಿ, ಕೂಸಿನ ಟೋಪಿ, ಹೆಣದ ಬಟ್ಟೆ. ಮದುಮಗಳ ಬಿಳಿ ಮುಸುಕನ್ನು ಮಾತ್ರ ಅವಳ ಕೈಗೆ ಒಮ್ಮೆಯೂ ಕೊಡಲಿಲ್ಲ. ನನಗೆ ಕಾದಂಬರಿಯ ಜೀವ ಇರುವುದು ಈ ಒಂದು ಸಾಲಿನಲ್ಲಿ. ಪ್ರಶ್ನೆಪತ್ರಿಕೆಯಲ್ಲಿ ಇದು ಬಂದದ್ದನ್ನು ನಾನು ಕಂಡಿಲ್ಲ.

ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಪಾಯಸ ಎಲೆಯ ಅಂಚು ದಾಟಿ ಸೀರೆಯ ಕಡೆ ಹೊರಟಿದ್ದೂ ಗೊತ್ತಾಗಲಿಲ್ಲ. ಅವಳು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

“ಸರಿ ಮೇಡಂ. ಜೈಲಿನ ಬಾಗಿಲ ಬಳಿ ಗುಲಾಬಿ ಗಿಡ ಇದೆಯಲ್ಲ, ಅದು ಯಾವುದರ ಸಂಕೇತ?”

ನಾನು ಮಜ್ಜಿಗೆಯವನನ್ನು ಕೂಗಿದೆ.